ಪಕ್ಕದವರಿಗೆ ಬೇಕಾದದ್ದು

ಗಂಡ, ಅತ್ತೆಯರ ಜೊತೆ ಹಳೆಯ ಮಠ ನೋಡಲು ಬಂದು ಅದರ ಊಟದ ಮನೆಗೆ ಕಾಲಿಡುವ ಹೊತ್ತಿಗೆ ಸೊಸೆಯ ಮನಸ್ಸು ಅರ್ಧ ಅಲ್ಲಿತ್ತು, ಅರ್ಧ ತಮ್ಮ ಮನೆಯ ಮುಂದಿನ ಕೋಣೆಯಲ್ಲಿತ್ತು. ಶಾಲೆಯೊಂದರ ಸಮವಸ್ತ್ರ ಹೊಲಿಯುವ ಕೆಲಸ ತಾನಾಗಿ ಒದಗಿ ಬಂದಿತ್ತು. ಒಪ್ಪಬೇಕೆಂದರೆ ಹೊಲಿಗೆ ಮಿಷಿನ್ನು ಅಡುಗೆಮನೆಯ ಮೂಲೆ ಬಿಟ್ಟು ಬೀದಿ ಕಡೆಯ ಕೋಣೆಗೆ ಬರಬೇಕು. ಆ ಕೋಣೆಯಲ್ಲಿ ತೀರಿಹೋದ ಮಾವನ ಕುರ್ಚಿ, ಮಾವನ ರೇಡಿಯೊ, ಮಧ್ಯಾಹ್ನವಿಡೀ ಅತ್ತೆ. ಸಂಜೆಯೊಳಗೆ ಶಾಲೆಯವರಿಗೆ ಉತ್ತರ ಹೇಳಬೇಕು. ಅತ್ತೆಯನ್ನು ಕೇಳಲು ಇನ್ನೂ ಬಾಯಿ ಬಂದಿರಲಿಲ್ಲ. ಗಂಡನಿಗೆ ಹೇಳಿದರೆ, "ಅಮ್ಮನ್ನ ನೀನೇ ಕೇಳು" ಎಂದು ಜಾರಿಕೊಂಡಿದ್ದ.

ಸನ್ಯಾಸಿಗಳು ಹೋಗಿ ಎಷ್ಟೋ ಕಾಲವಾಗಿತ್ತು. ಉದ್ದನೆಯ ಮೇಜು, ಬೆನ್ನಿಗೆ ಆಸರೆಯಿಲ್ಲದ ಬೆಂಚು, ಗೋಡೆಯ ಮೇಲೆ ಒಬ್ಬ ಮನುಷ್ಯ ನಿಲ್ಲುವಷ್ಟು ದೊಡ್ಡ ಗೂಡು ಮಾತ್ರ ಉಳಿದಿದ್ದವು. ಮಠ ತೋರಿಸುವ ಗೈಡಮ್ಮ ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದಳು.

"ಆ ಗೂಡಲ್ಲಿ ಒಬ್ಬರು ನಿಂತು ಪದ್ಯ ಓದೋರು. ಕೆಳಗಿದ್ದೋರು ತುಟಿಪಿಟಕ್ಕೆನ್ನದೆ ಉಣ್ಣೋರು. ಉಪ್ಪು ಬೇಕು, ನೀರು ಬೇಕು ಅಂತ ಯಾರೂ ತಮಗೋಸ್ಕರ ಕೇಳೋ ಹಾಗಿರ್ಲಿಲ್ಲ. ಪಕ್ಕದವರಿಗೆ ಏನು ಬೇಕು ಅಂತ ನೋಡಿ, ಅವರಿಗೋಸ್ಕರ ಕೈ ಎತ್ತಬೇಕಿತ್ತು. ಎಲ್ಲಿ, ನೀವೂ ಎತ್ತಿ ನೋಡೋಣ. ಬಾಯಲ್ಲೇ ಕೇಳಿ, ಪರವಾಗಿಲ್ಲ."

"ನಮ್ಮನೇಲಿ ಈ ಪದ್ಧತಿ ಬಂದ್ರೆ ನಾನು ಉಪವಾಸವೇ" ಎಂದ ಗಂಡ. ಜನ ನಕ್ಕರು.

ಸೊಸೆ ಪಕ್ಕಕ್ಕೆ ನೋಡಿದಳು. ಅತ್ತೆ ಮೇಜಿನ ಕೆಳಗೆ ಮಂಡಿ ನೀವಿಕೊಳ್ಳುತ್ತಿದ್ದರು. ಅವಳು ಕೈ ಎತ್ತಿದಳು.

"ನಮ್ಮತ್ತೆಗೆ ಒರಗಿ ಕೂರೋದಕ್ಕೊಂದು ಕುರ್ಚಿ."

"ನಾನು ಕೇಳಿದ್ನೇನೇ?" ಅತ್ತೆ ಸಿಡುಕಿದರು.

"ನೀವು ಕೇಳೋ ಹಾಗಿಲ್ವಲ್ಲಮ್ಮ" ಎನ್ನುತ್ತ ಗೈಡಮ್ಮ ತನ್ನದೇ ಕುರ್ಚಿ ತಂದಿಟ್ಟಳು.

ಬೇಡ ಬೇಡ ಎನ್ನುತ್ತಲೇ ಅತ್ತೆ ಕೂತರು. ಕೂತ ಮೇಲೆ "ಅಪ್ಪಾ" ಎಂಬ ಉಸಿರು ತಾನಾಗಿ ಹೊರಬಿತ್ತು. ಖಾಲಿ ಗೂಡಿನತ್ತ ಒಮ್ಮೆ ನೋಡಿ ಕೈ ಎತ್ತಿದರು.

"ನನ್ನ ಪಕ್ಕದವಳಿಗೆ ಬೀದಿ ಕಡೆ ಕೋಣೆ ಬೇಕು."

ಗೈಡಮ್ಮ ತಬ್ಬಿಬ್ಬಾದಳು. "ಅದು ಇಲ್ಲಿ ಸಿಗಲ್ಲಮ್ಮ."

"ನಿಮ್ಮನ್ನಲ್ಲ ತಾಯಿ, ನನ್ನ ಮಗನ್ನ ಕೇಳ್ತಿರೋದು. ಸೂರು ನೋಡಬೇಡ ಕಣೋ! ನಾಳೆ ಬೆಳಿಗ್ಗೆ ಮಿಷಿನ್ನು ಹೊತ್ತು ಮುಂದಿನ ಕೋಣೇಲಿಡು. ರೇಡಿಯೊ ನನ್ನ ಮಂಚದ ಹತ್ರ ಇರಲಿ."

"ಅತ್ತೆ, ನಿಮಗೆ ಹೇಗೆ..." ಸೊಸೆ ಅವರತ್ತ ತಿರುಗಿದಳು.

"ಮಿಷಿನ್ನು ಮುಂದಿನ ಕೋಣೆಗೆ ಬರಬೇಕು, ಸಂಜೆ ಹೇಳ್ತೀನಿ ಅಂತ ಫೋನಲ್ಲಿ ಪಿಸಪಿಸ ಅಂದೆಯಲ್ಲ. ನನ್ನ ಮಂಡಿ ಹೋಗಿದೆ, ಕಿವಿ ಹೋಗಿಲ್ಲ."

"ಮಾವನ ಕುರ್ಚಿ?"

"ಅದು ಅಲ್ಲೇ ಇರುತ್ತೆ. ಅಷ್ಟು ಅಂಗಿಗೆ ಗುಂಡಿ ಹಾಕೋಳು ನಾನು, ನಿಂತ್ಕೊಂಡು ಹಾಕ್ಲಾ?"

ವಾಪಸು ಬರುವ ಬಸ್ಸಿನಲ್ಲಿ ಸೊಸೆ ಶಾಲೆಗೆ ಫೋನ್ ಮಾಡಿ, ಬಟ್ಟೆ ಕಳಿಸಿ ಎಂದಳು. ನೀರಿನ ಬಾಟಲಿ ಅತ್ತೆಯ ಮಡಿಲಲ್ಲಿತ್ತು. ಇಬ್ಬರ ನಡುವೆ ಕೂತಿದ್ದ ಗಂಡ ಅದಕ್ಕೆ ಕೈ ಚಾಚಿದ. ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು. ಅವನು ಕೈ ಹಿಂದಕ್ಕೆಳೆದುಕೊಂಡು, ಇವರಲ್ಲಿ ಯಾರಾದರೂ ತನಗಾಗಿ ನೀರು ಕೇಳಿಯಾರೆಂದು ಕಾಯುತ್ತ ಕೂತ.