ಯಂತ್ರದ ಎಡಗಡೆ

ಅಣ್ಣನ ಕೈ ಅವನ ಬಾಯಿಗಿಂತ ಮುಂದು. ಅವನಿಗೆ ಸುತ್ತಿಗೆ ಎಂದು ಹೆಸರಿಟ್ಟವನು ಸೋದರಮಾವ. ಇಟ್ಟ ಮೇಲೆ ಆ ಹೆಸರನ್ನು ಎದುರಿಗೆ ಹೇಳುವ ಧೈರ್ಯ ಮಾವನಿಗೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಇದ್ದವರು ಮೂವರೇ. ಅಣ್ಣ ಯಜಮಾನ, ಮಾವ ವೆಲ್ಡರ್, ತಂಗಿ ಕಂಪ್ಯೂಟರಿನಲ್ಲಿ ಗ್ರಿಲ್ಲುಗಳ ನಕ್ಷೆ ಬರೆದು ಕತ್ತರಿಸುವ ಯಂತ್ರಕ್ಕೆ ಒಪ್ಪಿಸುವವಳು. ಉಕ್ಕಿನ ತಗಡನ್ನು ಉರಿಯ ಮೂತಿಯಿಂದ ಸೀಳುವ ಆ ಯಂತ್ರವನ್ನು ಅಪ್ಪ ಕೈಯಾರೆ ಜೋಡಿಸಿದ್ದ. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು.

ಒಂದು ಶಾಲೆಯ ಮೆಟ್ಟಿಲಿಗೆ ಹನ್ನೆರಡು ಗ್ರಿಲ್ ಆಗಬೇಕಿತ್ತು. ನಕ್ಷೆ ದಟ್ಟವಾದದ್ದು, ಹತ್ತು ಗೆರೆ ಎಳೆಯುವಷ್ಟರಲ್ಲಿ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಗುರುವಾರ ಮಧ್ಯಾಹ್ನ ತಂಗಿ ಯಾರನ್ನೂ ಕೇಳದೆ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು, ಗೆಳತಿಯೊಬ್ಬಳು ಬೇಡವೆಂದು ಕೊಟ್ಟ ಹೊಸ ಬಗೆಯ ಕಾರ್ಡನ್ನು ಕೂರಿಸಿದಳು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅಪ್ಪನ ಕಾಲದ್ದು. ಕಾರ್ಡ್ ತಯಾರಿಸಿದವರು ಅಷ್ಟು ಹಳೆಯದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪರದೆ ಬೆಳಗಿತು, ಆದರೆ ಅಕ್ಷರಗಳೆಲ್ಲ ಒದ್ದೆ ಹೆಬ್ಬೆರಳಿನಿಂದ ಉಜ್ಜಿದಂತೆ ಕಲೆಸಿಹೋಗಿದ್ದವು.

"ಯಾರನ್ನ ಕೇಳಿ ಕೈ ಹಾಕ್ದೆ?" ಎಂದ ಅಣ್ಣ. ಪ್ರಶ್ನೆ ಮುಗಿಯುವ ಮೊದಲೇ ಏಟು ಬಿದ್ದಿತ್ತು. ಅವಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು.

"ಹಳೇದನ್ನೇ ವಾಪಸ್ ಹಾಕ್ತೀನಣ್ಣ. ಹತ್ತು ನಿಮಿಷದ ಕೆಲಸ."

"ಯಾವ್ದು, ಇದಾ?"

ಅವನು ಹಳೆಯ ಕಾರ್ಡನ್ನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಮೂರು ಪೆಟ್ಟು. ನಾಲ್ಕನೆಯದಕ್ಕೆ ಏನೂ ಉಳಿದಿರಲಿಲ್ಲ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರುತ್ತೇನೋ?" ಎಂದು ಮಾವ ಗೊಣಗಿದ.

"ನಿನ್ನ ಮೂಗು ಇನ್ನೂ ಇದೆಯಲ್ಲ ಮಾವ, ಜೋಪಾನ," ಎಂದು ಅಣ್ಣ ತಂಗಿಯ ಕಡೆ ತಿರುಗಿದ. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಯಂತ್ರ ಓಡ್ಬೇಕು. ಇಲ್ಲಾಂದ್ರೆ ಈ ಹೊಸಿಲು ತುಳೀಬೇಡ."

ಈ ಹೊಸಿಲಿನ ಹೊರಗೆ ಅವಳಿಗೆ ಬರುತ್ತಿದ್ದ ಕೆಲಸವಿರಲಿಲ್ಲ, ಬೇಕೆನಿಸಿದ ಕೆಲಸವೂ ಇರಲಿಲ್ಲ. ಅವಳು ತುಟಿಯನ್ನು ಸೆರಗಿನಿಂದ ಒತ್ತಿ ಹಿಡಿದು ಲೆಕ್ಕ ಹಾಕಿದಳು. ಹಳೆಯ ಕಾರ್ಡ್ ಪುಡಿಯಾಗಿದೆ. ಹೊಸ ಕಾರ್ಡಿಗೆ ಹಳೆಯ ಸಿಸ್ಟಮ್ ಒಗ್ಗದು. ಕಾರ್ಡನ್ನು ಬದಲಿಸಲಾಗದಿದ್ದರೆ ಸಿಸ್ಟಮ್ಮನ್ನೇ ಬದಲಿಸಬೇಕು. ಮೂರನೆಯ ದಾರಿ ಇಲ್ಲ.

ಹಳೆಯದನ್ನು ಅಳಿಸುವ ಮೊದಲು ಯಂತ್ರದ ಹನ್ನೊಂದು ಅಂಕಿಗಳನ್ನು ಆ ಕಲೆಸಿದ ಪರದೆಯಿಂದ ಪುಸ್ತಕಕ್ಕೆ ಇಳಿಸಿಕೊಂಡಳು: ಎಷ್ಟು ವೇಗ, ಎಷ್ಟು ಉದ್ದ, ಒಂದು ಮಿಲಿಮೀಟರಿಗೆ ಮೋಟಾರು ಎಷ್ಟು ಹೆಜ್ಜೆ ಇಡಬೇಕು. ಎರಡು ಸಲ ತಾಳೆ ನೋಡಿದಳು. ಹತ್ತು ಸರಿಯಿದ್ದವು. ಹನ್ನೊಂದನೆಯದು, ಉರಿಯ ಮೂತಿಯನ್ನು ಹೊತ್ತ ಅಡ್ಡತೋಳಿನ ಹೆಜ್ಜೆಯದು, ಮೈನಸ್ ಮುನ್ನೂರ ಇಪ್ಪತ್ತು. ಮೈನಸ್ಸಿನ ಆ ಪುಟ್ಟ ಗೆರೆಯನ್ನು ಪರದೆ ನುಂಗಿಬಿಟ್ಟಿತ್ತು; ಅವಳು ಮುನ್ನೂರ ಇಪ್ಪತ್ತು ಎಂದು ಬರೆದಳು.

ಗೆರೆ ಅಲ್ಲಿಗೆ ಬಂದದ್ದು ಅಪ್ಪನಿಂದ. ಅಡ್ಡತೋಳಿನ ಮೋಟಾರಿಗೆ ಅವನು ತಂತಿಗಳನ್ನು ಅದಲುಬದಲಾಗಿ ಬಿಗಿದಿದ್ದ. ಮೋಟಾರಿನ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವ ಬದಲು ಅಂಕಿಯ ಹಿಂದೆ ಮೈನಸ್ ಇಟ್ಟು, ತಲೆಕೆಳಗಾದದ್ದನ್ನು ಇನ್ನೊಮ್ಮೆ ತಲೆಕೆಳಗು ಮಾಡಿ ಸರಿಪಡಿಸಿದ್ದ. ಮಕ್ಕಳಿಗೆ ಹೇಳಿಕೊಳ್ಳುವಂಥ ಹೆಗ್ಗಳಿಕೆ ಅದಲ್ಲವಾದ್ದರಿಂದ ಹೇಳಿರಲಿಲ್ಲ. ಆ ಯಂತ್ರದಲ್ಲಿ ಸೊನ್ನೆ ಇದ್ದದ್ದು ಮೇಜಿನ ನಡುವೆ. ತೋಳು ಅಲ್ಲಿಂದ ಬಲಕ್ಕೆ ಹೋಗುತ್ತಿತ್ತು, ಅಲ್ಲಿಗೇ ಮರಳುತ್ತಿತ್ತು. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಎಡಕ್ಕೆ ಬಂದಿರಲಿಲ್ಲ. ಅಣ್ಣ ನಿಲ್ಲುತ್ತಿದ್ದದ್ದು ಎಡಗಡೆ, ತೋಳು ಓಡುವ ಹಳಿಯ ತುದಿಯ ಮೇಲೆ ಅಂಗೈ ಊರಿ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಸಿಸ್ಟಮ್ ಸಿದ್ಧವಾಯಿತು. ಗೆರೆಗಳು ಸೂಜಿಮೊನೆಯಷ್ಟು ಚೂಪಾಗಿ ಕಂಡವು.

"ಕನ್ನಡಿ ಥರ ಇದೆಯಲ್ಲೇ!" ಎಂದ ಮಾವ. "ನನ್ನ ಮುಖ ಕಾಣದಿದ್ರೆ ಇನ್ನೂ ಚೆಂದ ಇರ್ತಿತ್ತು."

ಅವಳಿಗೆ ನಗು ಬಂತು. ತುಟಿ ಬಿರಿದು ರಕ್ತವೂ ಬಂತು. ಅಷ್ಟರಲ್ಲಿ ಅಣ್ಣ ಬಂದ.

"ಬೆಂಕಿ ಹಚ್ಚದೆ ಒಂದು ಸುತ್ತು ಓಡಿಸಿ ನೋಡ್ತೀನಣ್ಣ. ಐದೇ ನಿಮಿಷ."

"ನಿನ್ನೆಯಿಂದ ಬರೀ ಸುತ್ತೇ ಆಯ್ತು ನಿಂದು."

"ಅಂಕಿ ಎಲ್ಲಾ ಹೊಸದಾಗಿ ತುಂಬಿದ್ದೀನಿ. ನೋಡದೆ ಓಡಿಸಬಾರದು."

"ನನಗೆ ಪಾಠ ಹೇಳ್ತೀಯಾ?"

ಅವನು ಅವಳ ಭುಜಕ್ಕೆ ಕೈ ಕೊಟ್ಟು ನೂಕಿದ. ಅವಳು ತಗಡಿನ ರಾಶಿಯ ಮೇಲೆ ಬಿದ್ದಳು. ಅಂಚು ಮೊಣಕೈಯನ್ನು ಎಲುಬಿನವರೆಗೆ ಕೊಯ್ದಿತು. ಅಣ್ಣ ತಾನೇ ಗುಂಡಿ ಒತ್ತಿದ. ಗಾಳಿಯ ಒತ್ತಡ ಏರಲು ಯಂತ್ರಕ್ಕೆ ಎಂಟು ಸೆಕೆಂಡು ಬೇಕು. ಅಷ್ಟರಲ್ಲಿ ಮೇಜನ್ನು ಸುತ್ತಿ ಬಂದು ತನ್ನ ಜಾಗದಲ್ಲಿ ನಿಂತು ಹಳಿಯ ಮೇಲೆ ಎಡಗೈ ಊರಿದ.

ತೋಳು ಎಡಕ್ಕೆ ಹೊರಟಿತು. ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಂತರ ಮುಕ್ಕಾಲು ಮೀಟರ್. ಕೈ ತೆಗೆಯಲು ಒಂದೂವರೆ ಸೆಕೆಂಡು ಧಾರಾಳ. ಆದರೆ ಹದಿನೈದು ವರ್ಷ ಬಾರದಿದ್ದದ್ದು ಈಗ ಬರುತ್ತಿದೆ ಎಂದು ನಂಬಲು ಅದು ಸಾಲಲಿಲ್ಲ. ತೋಳಿನ ಉಕ್ಕಿನ ತೊಲೆ ಅವನ ಬೆರಳುಗಳನ್ನು ತುದಿಯ ತಡೆಗಟ್ಟೆಗೆ ಒತ್ತಿ ನಿಂತಿತು. ಒಣಕಡ್ಡಿ ಮುರಿದ ಸದ್ದು ಮೂರು ಸಲ ಕೇಳಿಸಿತು. ನಿಂತ ತೋಳಿನಲ್ಲಿ ಉರಿ ಹೊತ್ತಿಕೊಂಡಿತು. ನೀಲಿ ನಾಲಿಗೆ ಅವನ ಮಣಿಕಟ್ಟಿನ ಮೇಲೆ ಹಾಯ್ದು, ಅಂಗಿಯ ತೋಳನ್ನೂ ಅದರಡಿಯ ಚರ್ಮವನ್ನೂ ಒಟ್ಟಿಗೆ ಸುಟ್ಟಿತು. ಅವನ ಕೂಗು ಮನುಷ್ಯರದಾಗಿರಲಿಲ್ಲ.

ತಂಗಿ ಎದ್ದು ಬಿದ್ದು ಗೋಡೆಗೆ ಓಡಿ ಮೇನ್ ಸ್ವಿಚ್ ಎಳೆದಳು. ಮಾವ ಹಾರೆ ಕೊಟ್ಟು ತೊಲೆಯನ್ನು ಎತ್ತಿದ. ಹೊರಬಂದ ಮೂರು ಬೆರಳುಗಳಿಗೆ ಆಕಾರವಿರಲಿಲ್ಲ.

ಅಣ್ಣ ಬೀಳಲಿಲ್ಲ. ಬಲಗೈಯಲ್ಲಿ ಸುತ್ತಿಗೆ ಹಿಡಿದು ಕಂಪ್ಯೂಟರಿನತ್ತ ನುಗ್ಗಿದ. ಅವಳು ಅಡ್ಡ ನಿಂತಳು.

"ಸರಿ ಆಚೆ! ನನ್ನನ್ನ ಕೊಲ್ಲೋಕೆ ನೋಡಿದ್ಯಲ್ಲೇ!"

"ಮೊದಲು ಆಸ್ಪತ್ರೆಗೆ ನಡಿ."

ಸುತ್ತಿಗೆ ಮೇಲೆದ್ದಿತು. ಅವಳು ಕೈಗೆ ಸಿಕ್ಕ ಕಬ್ಬಿಣದ ಪಟ್ಟಿಯನ್ನು ಬೀಸಿದಳು. ಏಟು ಅವನ ಭುಜದ ಮೂಳೆಗೆ ತಾಗಿ ಸುತ್ತಿಗೆ ನೆಲಕ್ಕೆ ಬಿತ್ತು. ಹುಟ್ಟಿದಂದಿನಿಂದ ಅವನು ಅವಳಿಗೆ ಕೊಟ್ಟ ಏಟುಗಳಿಗೆ ಎಣಿಕೆಯಿಲ್ಲ. ಅವಳು ಅವನಿಗೆ ಕೊಟ್ಟದ್ದು ಇದೊಂದೇ. ಮಾವ ಹಿಂದಿನಿಂದ ತಬ್ಬಿ ಅವನನ್ನು ಗಾಡಿಗೆ ಹೊತ್ತ.

ದಾರಿಯಲ್ಲಿ ಗಾಡಿ ಓಡಿಸುತ್ತ ಮಾವ ಮೆಲ್ಲಗೆ ಕೇಳಿದ: "ತೋಳಿನ ಅಂಕಿಗೆ ಮೈನಸ್ ಇಟ್ಟಿದ್ಯಾ?"

"ಯಾವ ಮೈನಸ್?"

ಮಾವ ತಂತಿಯ ಕಥೆ ಹೇಳಿದ. "ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಕಣೇ," ಎಂದ. ಅವಳು ಪುಸ್ತಕ ತೆಗೆದು ಹನ್ನೊಂದನೆಯ ಅಂಕಿಯ ಹಿಂದೆ ಗೆರೆ ಎಳೆದಳು. ಪೆನ್ನಿಗೆ ಕಾಗದ ಹರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಣ್ಣನಿಗೆ ಚುಚ್ಚುಮದ್ದು ಕೊಟ್ಟು, ಗಾಯ ತೊಳೆದು, ವರದಿಯ ಕಾಗದ ಎಳೆದುಕೊಂಡಳು. "ಹೇಗಾಯ್ತು?"

"ಬಾಗಿಲಿಗೆ ಸಿಕ್ತು," ಎಂದ ಅಣ್ಣ.

"ಬಾಗಿಲಿಗೆ ಬೆಂಕಿನೂ ಹತ್ತಿತ್ತಾ?" ಅವಳ ನೋಟ ತಂಗಿಯ ತುಟಿಗೆ, ಅಲ್ಲಿಂದ ಮೊಣಕೈಗೆ ಹೋಯಿತು. "ಇವೆಲ್ಲ? ಅದೇ ಬಾಗಿಲಾ?"

"ಮನೆ ಮಾತು, ಬಿಡಿ," ಎಂದ ಅಣ್ಣ, ತಂಗಿಗೆ ಮಾತ್ರ ಕೇಳುವಂತೆ ಸೇರಿಸಿದ: "ಬಾಯಿ ಬಿಟ್ಯೋ, ಶೆಡ್ ಮರೆತುಬಿಡು."

ತಂಗಿ ಅವನ ಜಜ್ಜಿಹೋದ ಕೈಯನ್ನು ನೋಡಿದಳು. ಆದರೂ ಹೇಳಿದಳು.

"ಆದ ಕ್ರಮದಲ್ಲೇ ಬರೀರಿ, ಡಾಕ್ಟರಮ್ಮ. ಮೊದಲು ನನ್ನ ತುಟಿ, ಅದು ನಿನ್ನೆ, ಇವನ ಕೈ. ಆಮೇಲೆ ಒಂದು ಅಂಕಿ ತಪ್ಪು ಬರೆದದ್ದು, ಅದು ನಾನು. ಆಮೇಲೆ ನನ್ನ ಮೊಣಕೈ, ಇವನು ನೂಕಿದ್ದು. ಆಮೇಲೆ ಇವನ ಬೆರಳು, ಅದು ಯಂತ್ರ. ಕೊನೆಗೆ ಭುಜ. ಅದು ನಾನೇ, ಬೇಕಂತಲೇ ಹೊಡೆದದ್ದು."

ಅಣ್ಣನ ಬಲಗೈ ಮೇಲೆದ್ದಿತು. ಮೂವರೂ ಆ ಕೈಯನ್ನೇ ನೋಡಿದರು. ಅದು ಗಾಳಿಯಲ್ಲಿ ಕ್ಷಣಕಾಲ ತಡವರಿಸಿ, ಹಾಸಿಗೆಯ ಅಂಚನ್ನು ಹಿಡಿದುಕೊಂಡಿತು.

ಡಾಕ್ಟರಮ್ಮ ಮೊದಲ ಸಾಲು ಬರೆದು, ಮೊಣಕೈಗೆ ಹೊಲಿಗೆ ಹಾಕಿದಳು. ತಂಗಿ ಅಣ್ಣನ ಅಂಗಿಯ ಜೇಬಿನಿಂದ ಶೆಡ್ಡಿನ ಬೀಗದಕೈ ತೆಗೆದುಕೊಂಡಳು. ಅವನು ತಡೆಯಲಿಲ್ಲ.

"ಮಾವ, ನೀನು ಇವನ ಜೊತೆ ಇರು," ಎಂದಳು. "ಹನ್ನೆರಡು ಗ್ರಿಲ್ ಇದೆ, ನಾನು ಹೋಗ್ತೀನಿ."