ಕೈಗೆಟುಕುವ ಎತ್ತರ

"ಇದೇನಾ ಅಮ್ಮಾ? ಸರಿಯಾಗಿ ನೋಡಿ ಹೇಳಿ," ಎಂದ ಬಡಗಿ, ಬಣ್ಣದ ಹಾಳೆಗಳ ಮಾದರಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತ.

"ಇದೇ. ಎಳೆ ಹಸಿರು. ಅಡುಗೆಮನೆ ಬಾಗಿಲುಗಳಿಗೆಲ್ಲ ಇದನ್ನೇ ಅಂಟಿಸಿ." ಮೂರು ದಿನ ಪುಸ್ತಕ ತಿರುವಿ ತಿರುವಿ ಕಂಡುಕೊಂಡ ಬಣ್ಣ ಅದು.

ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ. ಹಳೆಯ ಕಪಾಟಿನ ಒಂದು ಬಾಗಿಲಿನ ಕೀಲು ಬಿಚ್ಚಿದ. ಎಣ್ಣೆ ಜಿಡ್ಡು ಹಿಡಿದು ಬಾಗಿಲೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಕೀಲು ಕೂತಿದ್ದ ಜಾಗದಲ್ಲಿ ಮಾತ್ರ ಎರಡು ಬೆರಳಗಲ ಎಳೆ ಹಸಿರು, ನಿನ್ನೆ ತಾನೇ ಅಂಟಿಸಿದಂತೆ ಉಳಿದಿತ್ತು.

"ಆಗ್ಲೂ ಅಂಟಿಸಿದ್ದು ನಾನೇ. ಹಿಂದಿನ ಅಮ್ಮನೂ ಇದನ್ನೇ ಆರಿಸಿದ್ರು. ಹಿಡಿಗಳೂ ಅಷ್ಟೆ, ನೀವು ಹೇಳಿದ ಗುಂಡು ಹಿತ್ತಾಳೆದೇ," ಎಂದವನು ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದಾಗಿತ್ತು.

ಹಿಂದಿನ ಅಮ್ಮ ತೀರಿಕೊಂಡು ಐದು ವರ್ಷ. ಇವಳು ಎರಡನೆಯವಳಾಗಿ ಈ ಮೂರನೇ ಮಹಡಿಯ ಮನೆಗೆ ಬಂದು ಎರಡು ವರ್ಷ. "ಎಲ್ಲ ಕಿತ್ತು ಹಾಕಿಸು, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡಿಸ್ಕೋ," ಎಂದು ಗಂಡ ಹೇಳಿದಾಗ ಅವಳಿಗೆ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಈಗ ನೋಡಿದರೆ ತನ್ನ ಮನಸ್ಸಿಗೆ ಬಂದದ್ದೆಲ್ಲ ಮೊದಲೇ ಇನ್ನೊಬ್ಬಳ ಮನಸ್ಸಿಗೆ ಬಂದು ಹೋಗಿದೆ. ಇದು ತನ್ನ ಇಷ್ಟವೋ, ಈ ಮನೆಯಲ್ಲಿದ್ದು ಹತ್ತಿಕೊಂಡದ್ದೋ? ಆ ಮೊದಲಿನವಳಂತೆಯೇ ಇದ್ದಾಳೆಂದೇ ಗಂಡ ತನ್ನನ್ನು ಕಟ್ಟಿಕೊಂಡನೋ? ಯೋಚಿಸಿದಷ್ಟೂ ತಲೆ ಕೆಟ್ಟು ಹೋಯಿತು.

"ಹಸಿರು ಬೇಡ. ಕೆಂಪು ಹಾಕಿ," ಎಂದಳು.

"ಕೆಂಪಾ? ನಿಮಗೆ ಕೆಂಪು ಕಂಡ್ರೆ ಆಗಲ್ಲ ಅಂದಿದ್ರಲ್ಲ?"

"ಹಾಕಿ ಅಂದ್ರೆ ಹಾಕಿ."

ಗುರುವಾರದ ಹೊತ್ತಿಗೆ ಒಂದು ಗೋಡೆಯ ಕಪಾಟಿಗೆ ಕೆಂಪು ಬಾಗಿಲುಗಳು ಕೂತವು. ಅಡುಗೆಮನೆ ಯಾರನ್ನೋ ಬೈಯುತ್ತಿರುವಂತಿತ್ತು. ಒಲೆಯ ಮುಂದೆ ನಿಂತರೆ ಅವಳಿಗೆ ಕಣ್ಣುರಿ. ಆದರೂ ಹಟ ಬಿಡಲಿಲ್ಲ. ಇದಾದರೂ ತನ್ನದು ಎಂದುಕೊಂಡಳು.

ಸಂಜೆ ಆಫೀಸಿನಿಂದ ಬಂದ ಗಂಡ ಒಂದು ಕಾಲಿನ ಶೂ ಮಾತ್ರ ಬಿಚ್ಚಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ.

"ಕೆಂಪು ಅಂತ ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ನಾನೇ ಹಾಕಿಸ್ದೆ. ಯಾಕ್ರೀ?"

"ಅವಳಿಗೂ ಕೆಂಪೇ ಬೇಕಿತ್ತು. ಒಂದು ವಾರ ಮಾತು ಬಿಟ್ಟಿದ್ಲು. ಕಣ್ಣಿಗೆ ಹೊಡೆಯುತ್ತೆ ಅಂತ ನಾನೇ ಹಟ ಮಾಡಿ ಹಸಿರು ಹಾಕಿಸಿದ್ದು." ಅವನ ದನಿ ಇಳಿಯಿತು. "ಕೊನೆಗೂ ಅವಳಿಗೆ ಕೆಂಪು ಸಿಗ್ಲಿಲ್ಲ."

ಇನ್ನೂ ಅಲ್ಲೇ ಕೆಲಸದಲ್ಲಿದ್ದ ಬಡಗಿಯ ಮುಖ ಹುಳ್ಳಗಾಯಿತು. "ಹೌದಲ್ವಾ! ಪುಸ್ತಕದ ಮೇಲೆ ಬೆರಳಿಟ್ಟಿದ್ದು ನೀವೇ ಸಾರ್. ನಂಗೆ ಮರೆತೇ ಹೋಗಿತ್ತು, ಅಮ್ಮಾ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಮೆಚ್ಚಿದ ಹಸಿರು ಗಂಡನದಾಗಿತ್ತು, ಹಟಕ್ಕೆ ಹಿಡಿದ ಕೆಂಪು ಆ ಮೊದಲಿನವಳದಾಗಿತ್ತು. ಗಂಡನೂ ತಾನೂ ಒಂದೇ ಬಣ್ಣ ಮೆಚ್ಚುವವರೆಂದು ತಿಳಿದು ಸಂತೋಷಪಡೋಣವೆಂದರೆ, ಎದುರಿಗೆ ಆ ಕೆಂಪು. ಕಂಡೇ ಇರದ ಆ ಹೆಂಗಸಿನ ಬಗ್ಗೆ ಎರಡು ವರ್ಷದಲ್ಲಿ ಮೊದಲ ಸಲ ಅಯ್ಯೋ ಅನ್ನಿಸಿತು.

"ಏನ್ಮಾಡ್ಲಿ ಈಗ? ಕೆಂಪು ತೆಗೀಲಾ, ಇರ್ಲಾ?" ಬಡಗಿ ಅವಳ ಗಂಡನ ಮುಖ ನೋಡಿದ. ಅವನು ಅವಳ ಮುಖ ನೋಡಿದ.

"ತಡೀರಿ. ಮೊದ್ಲು ಆ ಎದುರು ಗೋಡೆಗೆ ಮೇಲಿನ ಹಲಗೆ ಹಾಕಿ."

"ಅದಕ್ಕೇನು ಅಮ್ಮಾ, ಹಿಂದಿನ ಅಮ್ಮನ ಅಳತೆಗೆ ಹಾಕಿದ ಹಳೇ ಗುರುತು ಇದೆಯಲ್ಲ," ಎಂದು ಬಡಗಿ ಗೋಡೆಯ ಪೆನ್ಸಿಲ್ ಗೆರೆಯತ್ತ ಡ್ರಿಲ್ಲು ಚಾಚಿದ.

ಅವಳು ಗೋಡೆಗೆ ಒತ್ತಿ ನಿಂತು ಬಲಗೈ ಎತ್ತಿದಳು. ಹಿಮ್ಮಡಿ ಎತ್ತಲಿಲ್ಲ. ಬೆರಳ ತುದಿ ಗೆರೆಗಿಂತ ಒಂದು ಗೇಣು ಕೆಳಗೇ ನಿಂತಿತು. ಎರಡು ವರ್ಷದಿಂದ ಉಪ್ಪಿನ ಡಬ್ಬಿಗೂ ಅವಳು ಸ್ಟೂಲು ಹತ್ತುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ, ಅವಳೂ.

"ಇಲ್ಲಿ," ಎಂದಳು.

ಬಡಗಿ ಬೆರಳ ತುದಿಗೆ ಸರಿಯಾಗಿ ಹೊಸ ಗೆರೆ ಎಳೆದ. ಗಂಡ ಒರೆಸುವ ಬಟ್ಟೆ ಹಿಡಿದು ಹಳೆಯ ಗೆರೆಯತ್ತ ಬಂದ.

"ಅದಿರ್ಲಿ ಬಿಡ್ರೀ," ಎಂದಳು ಅವಳು, ಕೈ ಇಳಿಸದೆಯೇ.

ಅವನು ಬಟ್ಟೆ ಕೆಳಗಿಟ್ಟ. ಕಾಲಿಗೆ ತೊಡರಿದ ಸ್ಟೂಲನ್ನು ಎತ್ತಿಕೊಂಡ. ಒಂದು ಕಾಲಲ್ಲಿ ಶೂ, ಕೈಯಲ್ಲಿ ಸ್ಟೂಲು. ಅದನ್ನು ಎಲ್ಲಿಡುವುದೆಂದು ತೋಚದೆ ಕೋಣೆಯ ನಡುವೆ ನಿಂತೇ ಇದ್ದ.