ಸಾಕ್ಷಿಯ ಕೋಟು

ಒಂದು ಕೋಟು ಇಸ್ತ್ರಿ ಮಾಡಿಕೊಟ್ಟರೆ ಎರಡು ಲೋಟ ಚಹಾದ ದುಡ್ಡು. ವಕೀಲರು ಒಂದು ಸಲ ಎದ್ದು ಕೂತರೆ ಒಂದು ತಿಂಗಳ ಇದ್ದಿಲಿನ ದುಡ್ಡು. ಎದ್ದವರು ಬಾಯಿಯನ್ನೂ ತೆರೆದರೆ ಅದು ಬೇರೆ. ಇಸ್ತ್ರಿಯವಳ ಭಾವನ ಬಟ್ಟೆಗೆ ಮಾತ್ರ ದರವೇ ಇಲ್ಲ. ಅಕ್ಕನ ಗಂಡ ಎಂಬ ಒಂದೇ ಯೋಗ್ಯತೆಯ ಮೇಲೆ ಆತ ವರ್ಷಗಟ್ಟಲೆ ಪುಕ್ಕಟೆಯಾಗಿ ಗರಿಗರಿ ತಿರುಗಿದ್ದ.

ಇಸ್ತ್ರಿಯವಳು ಅಂಗಡಿ ಬಿಡಬೇಕೆಂದು ಕಟ್ಟಡದ ಮಾಲೀಕ ಕೇಸು ಹಾಕಿದ್ದ. ನೀನು ಬದುಕಿರುವವರೆಗೂ ಇಟ್ಟುಕೋ ಎಂದು ಅವನ ಅಪ್ಪ ಅವಳಿಗೆ ಬಾಯಿಮಾತಿನಲ್ಲಿ ಹೇಳಿದ್ದರು. ಆಗ ಪಕ್ಕದಲ್ಲಿದ್ದವನು ಭಾವ ಒಬ್ಬನೇ. ಆ ಭಾವನೇ ಈಗ ಮಾಲೀಕನ ಪರವಾಗಿ ಕಟಕಟೆ ಹತ್ತಿ, ಅವರು ಹೇಳಿದ್ದು ತಮ್ಮ ಮಗ ದೊಡ್ಡವನಾಗುವವರೆಗೆ ಮಾತ್ರ ಎಂದುಬಿಟ್ಟ. ಅಂಗಡಿಯ ಹಿಂದಿನ ಗೋದಾಮು ನಿನಗೇ ಎಂದು ಮಾಲೀಕ ಆಸೆ ತೋರಿಸಿದ್ದ. ಗೋದಾಮು ಕಂಡರೆ ನೆನಪು ತಾನಾಗಿ ತಿದ್ದಿಕೊಳ್ಳುತ್ತದೆ.

ಅವಳ ವಕೀಲರಿಗೆ ಮಾತ್ರ ಖುಷಿಯೋ ಖುಷಿ. ಸಾಕ್ಷಿಗಳ ಪಟ್ಟಿಯಲ್ಲಿ ಭಾವನ ಹೆಸರೇ ಇರಲಿಲ್ಲ. ಎದುರಾಳಿ ಹೀಗೆ ದಿಢೀರನೆ ಮೇಲೆ ಬಿದ್ದರೆ ಕಾನೂನು ಅದನ್ನು ಅನ್ಯಾಯದ ಅಚ್ಚರಿ ಎನ್ನುತ್ತದೆ, ವಿಚಾರಣೆ ಹೊಸದಾಗಿ ನಡೆಯುತ್ತದೆ, ಅಂಗಡಿ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಆದರೆ ಒಂದು ಷರತ್ತು: ಬುದ್ಧಿಯಿದ್ದವರು ಮೊದಲೇ ಊಹಿಸಬಹುದಾಗಿದ್ದರೆ ಅದು ಅಚ್ಚರಿಯಲ್ಲ.

"ಏನೂ ಗೊತ್ತಿರಲಿಲ್ಲ ಅನ್ನಿ, ಸಾಕು," ಎಂದರು.

ಅವಳು ತಲೆಯಾಡಿಸಿದಳು. ಅಷ್ಟಕ್ಕೂ ಅದೇನು ಕಷ್ಟದ ಪಾಠವೇ?

ಹೊಸ ವಿಚಾರಣೆ ಕೇಳುವ ಅರ್ಜಿ ಕೈಗೆ ಬಂದಾಗ ನ್ಯಾಯಾಧೀಶರು ಕನ್ನಡಕ ಏರಿಸಿ, ಈ ಸಾಕ್ಷಿ ಬರುವ ಸುಳಿವು ನಿಮಗೆ ಸ್ವಲ್ಪವೂ ಇರಲಿಲ್ಲವೇ ಎಂದು ಕೇಳಿದರು. ಅವಳು ಕಟಕಟೆಯತ್ತ ನೋಡಿದಳು. ಭಾವ ಇನ್ನೂ ಅಲ್ಲೇ ನಿಂತಿದ್ದ. ಮೈಮೇಲಿನ ಕೋಟಿನ ತೋಳಿನಲ್ಲಿ ಅವಳೇ ತೀಡಿದ ಗೆರೆ ಚಾಕುವಿನಂತಿತ್ತು. ಪಾಠ ಮರೆತೇಹೋಯಿತು.

"ಆ ಕೋಟು ನಿನ್ನೆ ನಾನೇ ಇಸ್ತ್ರಿ ಮಾಡಿದ್ದು ಸ್ವಾಮಿ. ನಮ್ಮ ಭಾವ ಅದನ್ನ ಹಾಕೋದು ಸಾವಿಗೆ, ಇಲ್ಲಾಂದ್ರೆ ಕೋರ್ಟಿಗೆ. ನಮ್ಮ ಕಡೆ ಯಾರೂ ಸತ್ತಿರಲಿಲ್ಲ."

ವಕೀಲರು ಎದ್ದರು, ಮಾತಾಡದೆ ಕೂತರು. ಅದಕ್ಕೂ ದುಡ್ಡು ಬಿತ್ತು.

"ಹಾಗಾದ್ರೆ ನಿಮಗೆ ಆಶ್ಚರ್ಯ ಆಗಲಿಲ್ಲ?" ಎಂದರು ನ್ಯಾಯಾಧೀಶರು.

"ಅವರು ನಿಜ ಹೇಳಿದ್ದಿದ್ರೆ ಆಗ್ತಿತ್ತು."

ನ್ಯಾಯಾಧೀಶರು ನಗು ನುಂಗಿಕೊಂಡು ಅರ್ಜಿ ತಳ್ಳಿಹಾಕಿದರು. ಕಾನೂನಿನ ಕಣ್ಣಿನಲ್ಲಿ ಅವಳು ಬುದ್ಧಿವಂತೆ ಎಂದು ಸಾಬೀತಾಗಿತ್ತು, ಬುದ್ಧಿವಂತರಿಗೆ ಪರಿಹಾರವಿಲ್ಲ.

ಅಂಗಡಿ ಹೋಯಿತು. ಇಸ್ತ್ರಿ ಪೆಟ್ಟಿಗೆ ಉಳಿಯಿತು. ಭಾವನ ಪುಕ್ಕಟೆ ಬಟ್ಟೆ ತಪ್ಪಿತು.